ರಕ್ತವು ‘ತಾಳು’ ಎಂದಾಗ



ಶಸ್ತ್ರಚಿಕಿತ್ಸೆಗೋ ಹೆರಿಗೆಗೋ ಅಪಘಾತದ ತುರ್ತಿಗೋ ರಕ್ತವನ್ನು ಹುಡುಕಿಕೊಂಡು ರಕ್ತನಿಧಿಯ ಕಿಟಕಿಯ ಮುಂದೆ ನಿಂತ ಅನುಭವ ನಿಮ್ಮಲ್ಲಿ ಅನೇಕರಿಗೆ ಇದ್ದೀತು. ಭದ್ರಾವತಿ, ತೀರ್ಥಹಳ್ಳಿ, ಸಾಗರ, ಸೊರಬ, ಶಿಕಾರಿಪುರಗಳಿಂದ ಶಿವಮೊಗ್ಗ ನಗರದ ಆಸ್ಪತ್ರೆಗಳಿಗೆ ಬರುವ ಕುಟುಂಬಗಳಿಗೆ ಆ ಕಿಟಕಿ ಅಪರಿಚಿತವಲ್ಲ. ವೈದ್ಯರ ಚೀಟಿಯನ್ನೂ ರೋಗಿಯ ರಕ್ತವಿರುವ ಪುಟ್ಟ ಕೊಳವೆಯನ್ನೂ ಒಳಗೆ ಕೊಟ್ಟು, ಗಡಿಯಾರ ನೋಡುತ್ತಾ ನಿಲ್ಲುತ್ತೇವೆ. ರೋಗಿಯ ಗುಂಪು ಗೊತ್ತಿದೆ, ಅದೇ ಗುಂಪಿನ ರಕ್ತವೂ ಒಳಗಿದೆ, ಇನ್ನೇಕೆ ತಡ ಎಂಬುದು ನಮ್ಮ ಪ್ರಶ್ನೆ. ಕೆಲವೊಮ್ಮೆ ಒಳಗಿನಿಂದ ಬರುವ ಉತ್ತರ ಹೀಗಿರುತ್ತದೆ: “ಗುಂಪು ಸರಿಯಿದೆ, ಆದರೆ ಹೊಂದಾಣಿಕೆ ಆಗುತ್ತಿಲ್ಲ. ಸ್ವಲ್ಪ ಕಾಯಬೇಕು.”

ಈ ‘ಕಾಯಬೇಕು’ ಎಂಬ ಒಂದು ಮಾತಿನ ಹಿಂದೆ ಏನೇನು ನಡೆಯುತ್ತದೆ ಎಂಬುದನ್ನು ಈ ತಿಂಗಳು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ರೋಗಿಗಳನ್ನು ಕಾಣಲು ಹೋಗುವ ಒಬ್ಬ ಗುರು ಮಾತ್ರ. ಆದರೆ ಪ್ರಯೋಗಾಲಯದಲ್ಲಿ ದುಡಿಯುವವರಿಂದ ಕೇಳಿ ತಿಳಿದದ್ದು, ಓದಿ ಅರಿತದ್ದು ನನ್ನ ಪ್ರಾರ್ಥನೆಗೂ ಚಿಂತನೆಗೂ ಆಹಾರವಾಗಿದೆ. ನಿಮಗೂ ಆದೀತೆಂಬ ನಂಬಿಕೆ ನನ್ನದು.

ಹೆಪ್ಪು ಬೇರೆ, ಗಂಟು ಬೇರೆ

ಗಾಯವಾದಾಗ ರಕ್ತ ಹೆಪ್ಪುಗಟ್ಟುತ್ತದೆ. ಅದು ನಮ್ಮ ದೇಹದಲ್ಲಿ ದೇವರು ಇಟ್ಟಿರುವ ಕಾವಲು. ಇಲ್ಲಿ ನಾನು ಹೇಳಹೊರಟಿರುವುದು ಬೇರೊಂದನ್ನು. ಒಬ್ಬರ ಕೆಂಪು ರಕ್ತಕಣಗಳನ್ನು ಇನ್ನೊಬ್ಬರ ರಕ್ತದ ತಿಳಿಯಾದ ದ್ರವದೊಡನೆ ಬೆರೆಸಿದಾಗ, ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟುಗಂಟಾಗುವುದುಂಟು. ಕುದಿಯುವ ನೀರಿಗೆ ರಾಗಿಹಿಟ್ಟು ಸುರಿದು ತಿರುವದೆ ಬಿಟ್ಟರೆ ಹೇಗೆ ಗಂಟು ಕಟ್ಟುತ್ತದೆಯೋ, ನೋಟಕ್ಕೆ ಹಾಗೆಯೇ.

ಇದರ ಕಾರಣ ಸರಳವಾಗಿದೆ. ಪ್ರತಿಯೊಂದು ಕೆಂಪುಕಣದ ಮೈಮೇಲೆ ಹಲವಾರು ಗುರುತುಗಳಿರುತ್ತವೆ. ಇವನ್ನು ಪ್ರತಿಜನಕಗಳೆನ್ನುತ್ತಾರೆ. ರಕ್ತದ ದ್ರವದಲ್ಲಿ ಪ್ರತಿಕಾಯಗಳೆಂಬ ಕಾವಲುಗಾರರಿರುತ್ತಾರೆ. ತನ್ನದಲ್ಲದ ಗುರುತನ್ನು ಕಂಡ ಪ್ರತಿಕಾಯವು ಒಂದು ಕೈಯಲ್ಲಿ ಒಂದು ಕಣವನ್ನೂ ಇನ್ನೊಂದು ಕೈಯಲ್ಲಿ ಮತ್ತೊಂದು ಕಣವನ್ನೂ ಹಿಡಿಯುತ್ತದೆ. ಹಾಗೆ ಹಿಡಿದು ಹಿಡಿದು ಗಂಟಾಗುತ್ತದೆ. ಈ ಜಗಳ ರೋಗಿಯ ದೇಹದೊಳಗೆ ನಡೆದರೆ ಕೊಟ್ಟ ರಕ್ತದ ಕಣಗಳು ಒಡೆದು, ಮೂತ್ರಪಿಂಡಗಳು ಸೋತು, ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಜಗಳ ಆಗುವುದಿದ್ದರೆ ಅದು ಗಾಜಿನ ಕೊಳವೆಯಲ್ಲೇ ಆಗಿಹೋಗಲಿ ಎಂಬುದೇ ಪರೀಕ್ಷೆಯ ಉದ್ದೇಶ.

ಈ ಗಂಟಿನ ಗುಟ್ಟನ್ನು ಮೊದಲು ಬಿಡಿಸಿದವರು ಆಸ್ಟ್ರಿಯದ ಕಾರ್ಲ್ ಲ್ಯಾಂಡ್‌ಸ್ಟೈನರ್. ವಿಯೆನ್ನಾದ ತಮ್ಮ ಪ್ರಯೋಗಾಲಯದಲ್ಲಿ ಆರೋಗ್ಯವಂತರಾದ ಸಹೋದ್ಯೋಗಿಗಳ ರಕ್ತವನ್ನೇ ಪರಸ್ಪರ ಬೆರೆಸಿ ನೋಡಿ, ಎಲ್ಲಿ ಗಂಟಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಗುರುತಿಸಿ, 1901ರಲ್ಲಿ ರಕ್ತದ ಗುಂಪುಗಳನ್ನು ಲೋಕಕ್ಕೆ ತಿಳಿಸಿದರು. ಅದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಯೆಹೂದಿ ಮನೆತನದಲ್ಲಿ ಹುಟ್ಟಿದ ಅವರು 1890ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಅವರು ಹುಟ್ಟಿದ ಜೂನ್ 14ನ್ನೇ ಇಂದು ವಿಶ್ವ ರಕ್ತದಾನಿಗಳ ದಿನವನ್ನಾಗಿ ಆಚರಿಸುತ್ತೇವೆ. ಅವರಿಗಿಂತ ಮುಂಚೆಯೂ ರಕ್ತ ಗಂಟಾಗುವುದನ್ನು ಕಂಡವರಿದ್ದರು. ಅದು ಕಾಯಿಲೆಯ ಲಕ್ಷಣವೆಂದು ಬಗೆದು ಸುಮ್ಮನಾಗಿದ್ದರು. ಲ್ಯಾಂಡ್‌ಸ್ಟೈನರ್ ಅದನ್ನು ದೋಷವೆಂದು ತಳ್ಳಿಹಾಕದೆ, ‘ಇದು ಏನನ್ನು ಹೇಳುತ್ತಿದೆ?’ ಎಂದು ಕೇಳಿದರು.

ಇಬ್ಬರು ಸಾಕ್ಷಿಗಳು ಒಪ್ಪದಿದ್ದರೆ

ಒಂದು ಸಂಗತಿ ಸ್ಥಿರಪಡಲು ಇಬ್ಬರು ಮೂವರು ಸಾಕ್ಷಿಗಳು ಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿತ್ತು. ರಕ್ತನಿಧಿಯೂ ಅದೇ ನಿಯಮವನ್ನು ಪಾಲಿಸುತ್ತದೆ. ಮೊದಲನೆಯ ಸಾಕ್ಷಿ ರೋಗಿಯ ಕಣಗಳು: ಅವುಗಳ ಮೇಲೆ ‘ಎ’ ಗುರುತಿದೆಯೇ, ‘ಬಿ’ ಗುರುತಿದೆಯೇ ಎಂದು ನೋಡುತ್ತಾರೆ. ಎರಡನೆಯ ಸಾಕ್ಷಿ ರೋಗಿಯ ರಕ್ತದ್ರವ: ಗೊತ್ತಿರುವ ‘ಎ’ ಮತ್ತು ‘ಬಿ’ ಕಣಗಳೊಡನೆ ಅದು ಹೇಗೆ ವರ್ತಿಸುತ್ತದೆಂದು ನೋಡುತ್ತಾರೆ. ಇಬ್ಬರ ಹೇಳಿಕೆಯೂ ಒಂದೇ ಆಗಿದ್ದರೆ ಗುಂಪು ನಿಶ್ಚಯವಾಯಿತು. ಆ ಬಳಿಕ ಮೂರನೆಯ ಸಾಕ್ಷಿಯಾಗಿ, ಕೊಡಬೇಕೆಂದಿರುವ ದಾನಿಯ ಕಣಗಳನ್ನು ರೋಗಿಯ ರಕ್ತದ್ರವದೊಡನೆ ಬೆರೆಸಿ ನೋಡುತ್ತಾರೆ. ಇದೇ ಹೊಂದಾಣಿಕೆ ಪರೀಕ್ಷೆ, ಕ್ರಾಸ್‌ಮ್ಯಾಚ್.

ಗಂಟು ಆಗಬಾರದ ಕಡೆ ಗಂಟು ಕಾಣಿಸಿಕೊಂಡರೆ ಏನು ಮಾಡಬೇಕು? ಇಲ್ಲಿಂದ ಮುಂದಿನ ಕ್ರಮವೇ ನನ್ನನ್ನು ಬಹಳವಾಗಿ ಆಕರ್ಷಿಸಿದ್ದು.

ಮೊದಲನೆಯ ಪ್ರಶ್ನೆ ರಕ್ತದ ಬಗ್ಗೆಯೇ ಅಲ್ಲ, ಹೆಸರಿನ ಬಗ್ಗೆ. ಕೊಳವೆಯ ಮೇಲಿನ ಹೆಸರು, ಸಂಖ್ಯೆ, ಚೀಟಿಯ ಮೇಲಿನ ಹೆಸರು, ಸಂಖ್ಯೆ ಒಂದೇ ಆಗಿವೆಯೇ? ಇದು ಆ ರೋಗಿಯ ರಕ್ತವೇ ಹೌದೇ? ಅನುಮಾನವಿದ್ದರೆ ಹೊಸ ಮಾದರಿಯನ್ನು ತರಿಸುತ್ತಾರೆ. ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳಬೇಕಾಗಿ ಬಂದಾಗ ಬೇಸರಪಡುವ ನಾವು ಇದನ್ನು ನೆನಪಿನಲ್ಲಿಡಬೇಕು.

ಎರಡನೆಯದು ತೊಳೆಯುವುದು. ಕಣಗಳನ್ನು ಹದವಾದ ಉಪ್ಪುನೀರಿನಲ್ಲಿ ಮತ್ತೆ ಮತ್ತೆ ತೊಳೆದು ನೋಡುತ್ತಾರೆ. ನವಜಾತ ಶಿಶುವಿನ ರಕ್ತವನ್ನು ಹೊಕ್ಕುಳಬಳ್ಳಿಯಿಂದ ಸಂಗ್ರಹಿಸಿದಾಗ ಬಳ್ಳಿಯಲ್ಲಿರುವ ಲೋಳೆಯಂಥ ಪದಾರ್ಥ ಬೆರೆತು, ಕಣಗಳು ಸುಮ್ಮಸುಮ್ಮನೆ ಅಂಟಿಕೊಳ್ಳುವುದುಂಟು. ಚೆನ್ನಾಗಿ ತೊಳೆದರೆ ಆ ಸುಳ್ಳುಗಂಟು ಬಿಟ್ಟುಹೋಗುತ್ತದೆ.

ಮೂರನೆಯದು ಹತ್ತಿರದಿಂದ ನೋಡುವುದು. ಕೆಲವು ಕಾಯಿಲೆಗಳಲ್ಲಿ ರಕ್ತದಲ್ಲಿ ಪ್ರೋಟೀನ್ ಹೆಚ್ಚಾಗಿ, ಕಣಗಳು ಒಂದರ ಮೇಲೊಂದು ಪೇರಿಸಿದ ನಾಣ್ಯಗಳಂತೆ ನಿಲ್ಲುತ್ತವೆ. ಬರಿಗಣ್ಣಿಗೆ ಅದೂ ಗಂಟೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಾಣ್ಯದ ಸಾಲು. ದ್ರವವನ್ನು ತೆಗೆದು ಉಪ್ಪುನೀರು ಹಾಕಿದಾಗ ಆ ಸಾಲು ಚದುರಿಹೋಗುತ್ತದೆ, ನಿಜವಾದ ಗಂಟಾದರೆ ಹಾಗೆಯೇ ಉಳಿಯುತ್ತದೆ.

ನಾಲ್ಕನೆಯದು ಬೆಚ್ಚಗಿಡುವುದು. ಕೆಲವು ಪ್ರತಿಕಾಯಗಳು ಚಳಿಯಲ್ಲಿ ಮಾತ್ರ ಎಚ್ಚರಗೊಳ್ಳುತ್ತವೆ. ಒಂದು ಬಗೆಯ ನ್ಯುಮೋನಿಯಾ ಬಂದುಹೋದ ಮೇಲೆ ಇವು ಹೆಚ್ಚಾಗಿ ಕಾಣಿಸಿಕೊಳ್ಳುವುದುಂಟು. ಮಾದರಿಯನ್ನು ದೇಹದ ಶಾಖಕ್ಕೆ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ಗೆ ತಂದು ಪರೀಕ್ಷಿಸಿದರೆ ಅಂಥ ಗಂಟು ಕರಗುತ್ತದೆ. ತಣ್ಣಗಿರುವಾಗ ಕಟ್ಟಿಕೊಂಡದ್ದು ಬೆಚ್ಚಗಾದಾಗ ಬಿಟ್ಟುಕೊಡುತ್ತದೆ ಎಂಬುದನ್ನು ಕೇಳಿದಾಗ ನಮ್ಮ ಎಷ್ಟೋ ಮನೆಗಳ ಜಗಳಗಳು ನನಗೆ ನೆನಪಾದವು.

ಇಷ್ಟೆಲ್ಲಾ ಆದ ಮೇಲೂ ಗಂಟು ಉಳಿದರೆ, ರೋಗಿಯ ಕಣಗಳನ್ನು ರೋಗಿಯ ರಕ್ತದ್ರವದೊಡನೆಯೇ ಬೆರೆಸಿ ನೋಡುತ್ತಾರೆ. ಅಲ್ಲಿಯೂ ಗಂಟಾದರೆ ದೇಹವು ತನ್ನ ಮೇಲೆಯೇ ತಿರುಗಿಬಿದ್ದಿರಬಹುದು. ಅಲ್ಲಿ ಗಂಟಿಲ್ಲದೆ ಪರರ ಕಣಗಳೊಡನೆ ಮಾತ್ರ ಇದ್ದರೆ, ರೋಗಿಯಲ್ಲಿ ಪರರ ಯಾವುದೋ ಗುರುತಿನ ವಿರುದ್ಧ ಪ್ರತಿಕಾಯವಿದೆ ಎಂದರ್ಥ. ಯಾವ ಗುರುತು? ಅದನ್ನು ಕಂಡುಹಿಡಿಯಲು, ಗುರುತುಗಳೆಲ್ಲ ಮುಂಚಿತವಾಗಿ ಗೊತ್ತಿರುವ ಸಾಮಾನ್ಯವಾಗಿ 11 ದಾನಿಗಳ ಕಣಗಳ ಸಾಲನ್ನು ಬಳಸುತ್ತಾರೆ. ಯಾವುದರೊಡನೆ ಗಂಟಾಯಿತು, ಯಾವುದರೊಡನೆ ಆಗಲಿಲ್ಲ ಎಂಬುದನ್ನು ಪಟ್ಟಿಯಲ್ಲಿ ಹೊಂದಿಸಿ, ಒಂದೊಂದೇ ಗುರುತನ್ನು ಹೊಡೆದುಹಾಕುತ್ತಾ ಹೋಗುತ್ತಾರೆ. ಕೊನೆಗೆ ಉಳಿಯುವುದೇ ಉತ್ತರ. ಕಣಕ್ಕೆ ಅಂಟಿಕೊಂಡರೂ ತಾವಾಗಿ ಗಂಟು ಕಟ್ಟಲಾರದ ಪ್ರತಿಕಾಯಗಳನ್ನು ಬಯಲಿಗೆ ತರುವ ಕೂಂಬ್ಸ್ ಪರೀಕ್ಷೆ 1945ರಲ್ಲಿ ಕೇಂಬ್ರಿಜ್‌ನಲ್ಲಿ ರೂಪುಗೊಂಡಿತು. ಇಂದಿಗೂ ಅದೇ ಈ ಕೆಲಸದ ಬೆನ್ನೆಲುಬು.

ಒಂದು ಎಚ್ಚರಿಕೆಯನ್ನು ತಂತ್ರಜ್ಞರೊಬ್ಬರು ನನಗೆ ಹೇಳಿದ್ದರು. ಫಲಿತಾಂಶ ನೋಡಲು ಕೊಳವೆಯನ್ನು ಮೆಲ್ಲಗೆ ಅಲುಗಿಸಬೇಕು. ಜೋರಾಗಿ ಕುಲುಕಿದರೆ ದುರ್ಬಲವಾದ ಗಂಟು ಬಿಚ್ಚಿಕೊಂಡು, ಎಲ್ಲವೂ ಹೊಂದಿಕೆಯಾಗಿದೆ ಎಂಬಂತೆ ಕಾಣುತ್ತದೆ. ಅದನ್ನು ನಂಬಿ ರಕ್ತ ಕೊಟ್ಟರೆ ರೋಗಿ ಅದರ ಬೆಲೆ ತೆರಬೇಕಾಗುತ್ತದೆ.

ಪ್ರಿಯರೇ, ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ಗೋದಿ ಮತ್ತು ಕಳೆಗಳ ಸಾಮತಿಯನ್ನು ನೆನೆಯಿರಿ. ಕಳೆ ಕಂಡೊಡನೆ ಕೀಳಹೊರಟ ಆಳುಗಳನ್ನು ಯಜಮಾನ ತಡೆದ. ಅವಸರದ ಕೈ ಗೋದಿಯನ್ನೂ ಕಿತ್ತುಬಿಡುತ್ತದೆಂಬುದು ಅವನಿಗೆ ಗೊತ್ತಿತ್ತು. ನಮ್ಮ ಕುಟುಂಬದಲ್ಲಿ, ಧರ್ಮಕೇಂದ್ರದ ಸಂಘಗಳಲ್ಲಿ ಎಲ್ಲಿಯೋ ಒಂದು ಕಡೆ ಗಂಟು ಬಿದ್ದಾಗ ನಾವೇನು ಮಾಡುತ್ತೇವೆ? ಒಂದೋ, ಯಾರ ತಪ್ಪೆಂದು ತಕ್ಷಣ ತೀರ್ಪು ಕೊಡುತ್ತೇವೆ. ಇಲ್ಲವೇ ಜೋರಾಗಿ ಕುಲುಕಿ, ದನಿಯೆತ್ತಿ, ಬಾಯಿ ಮುಚ್ಚಿಸಿ, ಸಮಾಧಾನವಾಯಿತೆಂದು ನಂಬುತ್ತೇವೆ. ತೊಳೆದು ನೋಡುವುದು, ಬೆಚ್ಚಗಿಟ್ಟು ನೋಡುವುದು, ಹತ್ತಿರದಿಂದ ನೋಡುವುದು ನಮಗೆ ಹೊಳೆಯುವುದಿಲ್ಲ.

ಭದ್ರಾವತಿಯ ಒಬ್ಬ ತಾಯಿ

ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯನ್ನು ಆ ಕುಟುಂಬದ ಒಪ್ಪಿಗೆಯಿಂದ, ಹೆಸರುಗಳನ್ನು ಬಿಟ್ಟು, ಹೇಳುತ್ತೇನೆ. ಆಕೆ ಭದ್ರಾವತಿಯವರು, ಐವತ್ತರ ಹತ್ತಿರದ ವಯಸ್ಸು. ಪತಿ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬಹುದಿನಗಳ ರಕ್ತಸ್ರಾವದಿಂದ ಆಕೆ ಬಳಲಿ, ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಗರ್ಭಕೋಶದ ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು. ಗುಂಪು ‘ಓ’ ಪಾಸಿಟಿವ್. ಭದ್ರಾವತಿಯಿಂದ ನಾಲ್ವರು ರಕ್ತ ಕೊಡಲು ಬಂದಿದ್ದರು: ಒಬ್ಬನೇ ಮಗ, ಮೈದುನ, ಧರ್ಮಕೇಂದ್ರದ ಇಬ್ಬರು ಯುವಕರು. ನಾಲ್ವರದೂ ‘ಓ’ ಪಾಸಿಟಿವ್. ಆದರೂ ನಾಲ್ವರ ಕಣಗಳೂ ಆಕೆಯ ರಕ್ತದ್ರವದಲ್ಲಿ ಗಂಟು ಕಟ್ಟಿದವು.

ಪರಮಪ್ರಸಾದ ಕೊಡಲು ಹೋಗಿದ್ದ ನಾನು ರಕ್ತನಿಧಿಯ ಹೊರಗೆ ಅವರನ್ನು ಕಂಡೆ. ಆ ಮಗ ತನ್ನ ಮದುವೆಯ ವಿಷಯದಲ್ಲಿ ತಾಯಿಯೊಡನೆ ಮನಸ್ತಾಪವಾಗಿ ಬೇರೆ ವಾಸವಾಗಿದ್ದ. ಸುದ್ದಿ ಕೇಳಿ ಓಡಿಬಂದಿದ್ದ. ಬಂಧುಗಳಲ್ಲಿ ಹಿರಿಯರೊಬ್ಬರು, “ಹೆತ್ತ ಮಗನ ರಕ್ತವೇ ತಾಯಿಗೆ ಆಗುವುದಿಲ್ಲವೆಂದರೆ ದೇವರೇ ಏನೋ ಹೇಳುತ್ತಿದ್ದಾನೆ” ಎಂದುಬಿಟ್ಟರು. ಮಗ ತಲೆ ತಗ್ಗಿಸಿ ನಿಂತ. ಮತ್ತೊಬ್ಬರು ನನ್ನ ಕಡೆ ತಿರುಗಿ, “ಫಾದರ್, ನೀವು ಒಳಗೆ ಒಂದು ಮಾತು ಹೇಳಿ, ರಕ್ತ ಬೇಗ ಕೊಡಿಸಿ” ಎಂದರು. ಅವರಿಗೆ ಉತ್ತರ ಕೊಟ್ಟವರು ರೋಗಿಯ ಪತಿ. “ಕುಲುಮೆಯಿಂದ ಸ್ಯಾಂಪಲ್ ತೆಗೆದು ಲ್ಯಾಬಿನ ವರದಿ ಬರುವವರೆಗೆ ನಾವು ಉಕ್ಕು ಸುರಿಯುತ್ತಿರಲಿಲ್ಲ. ಕಬ್ಬಿಣಕ್ಕೇ ಅಷ್ಟು ಕಾಯುತ್ತಿದ್ದೆವು. ಇವಳಿಗೆ ಕಾಯಬಾರದೇ?” ಎಂದರು. ಯಾರೂ ಮರುಮಾತಾಡಲಿಲ್ಲ.

ಒಳಗಿನಿಂದ ಬಂದ ತಂತ್ರಜ್ಞೆ ಕೇಳಿದ ಪ್ರಶ್ನೆಗಳು ಎರಡೇ. ಹಿಂದೆ ಎಂದಾದರೂ ಇವರಿಗೆ ರಕ್ತ ಕೊಟ್ಟಿದ್ದರೇ? ಎಷ್ಟು ಸಲ ಗರ್ಭಿಣಿಯಾಗಿದ್ದರು? ರಕ್ತ ಎಂದೂ ಕೊಟ್ಟಿರಲಿಲ್ಲ. ಹೆರಿಗೆ ಒಂದೇ, 27 ವರ್ಷಗಳ ಹಿಂದೆ. ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಿದರು. ವೈದ್ಯರು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು. ಎರಡು ದಿನಗಳ ಮೇಲೆ ಉತ್ತರ ಬಂತು.

ಆರ್‌ಎಚ್ ಎಂದೊಡನೆ ನಾವು ಪಾಸಿಟಿವ್, ನೆಗೆಟಿವ್ ಎಂಬ ಎರಡನ್ನೇ ಯೋಚಿಸುತ್ತೇವೆ. ಅದು ‘ಡಿ’ ಎಂಬ ಒಂದು ಗುರುತಿನ ಮಾತು. ಅದೇ ಕುಟುಂಬದಲ್ಲಿ ದೊಡ್ಡ ‘ಸಿ’, ಚಿಕ್ಕ ‘ಸಿ’, ದೊಡ್ಡ ‘ಇ’, ಚಿಕ್ಕ ‘ಇ’ ಎಂಬ ಬೇರೆ ಗುರುತುಗಳೂ ಇವೆ. ಆಕೆಯ ಕಣಗಳಲ್ಲಿ ಚಿಕ್ಕ ‘ಸಿ’ ಇರಲಿಲ್ಲ. ಪತಿಯಲ್ಲಿತ್ತು. ತಂದೆಯಿಂದ ಅದು ಮಗನಿಗೆ ಬಂದಿತ್ತು. ಹೆರಿಗೆಯ ಹೊತ್ತಿಗೆ ಮಗುವಿನ ಸ್ವಲ್ಪ ರಕ್ತ ತಾಯಿಯ ರಕ್ತದಲ್ಲಿ ಸೇರಿ, ಆಕೆಯ ದೇಹ ಆ ಗುರುತಿನ ವಿರುದ್ಧ ಪ್ರತಿಕಾಯವನ್ನು ಮಾಡಿಟ್ಟುಕೊಂಡಿತ್ತು. ಮೈದುನನಲ್ಲಿಯೂ ಆ ಯುವಕರಲ್ಲಿಯೂ ಅದೇ ಗುರುತಿತ್ತು.

ಆ ತಂತ್ರಜ್ಞೆ ಮಗನಿಗೆ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: “ನಿಮ್ಮ ರಕ್ತದಲ್ಲಿ ದೋಷವಿಲ್ಲ. ನಿಮ್ಮನ್ನು ಹೆತ್ತಾಗ ಅಮ್ಮನ ಮೈ ನಿಮ್ಮ ಗುರುತು ಹಿಡಿದಿತ್ತು, ಅದು ಇನ್ನೂ ಮರೆತಿಲ್ಲ, ಅಷ್ಟೇ.” ವಿಜ್ಞಾನ ಇದನ್ನು ಪ್ರೀತಿಯೆಂದು ಕರೆಯುವುದಿಲ್ಲವೆಂದು ನನಗೆ ಗೊತ್ತು. ಪ್ರತಿಕಾಯ ಕಾವಲುಗಾರನೇ ಹೊರತು ಪ್ರೇಮಪತ್ರವಲ್ಲ. ಆದರೆ ಎರಡು ದಿನಗಳಿಂದ ತನ್ನನ್ನು ತಾಯಿಯ ದೇಹವೇ ತಿರಸ್ಕರಿಸಿದೆಯೆಂದು ಕುಗ್ಗಿದ್ದ ಆ ಮಗನಿಗೆ ಆ ಸತ್ಯ ಸಾಕಾಗಿತ್ತು. ತಿರಸ್ಕಾರವೆಂದು ಕಂಡದ್ದು ಅವನನ್ನು ಹೆತ್ತ ನೆನಪಾಗಿತ್ತು.

ಚಿಕ್ಕ ‘ಸಿ’ ಇಲ್ಲದ ಎರಡು ಬಾಟಲಿ ರಕ್ತ ಹುಡುಕಿದಾಗ ಸಿಕ್ಕಿತು. ಆ ದಾನಿಗಳು ಯಾವ ಊರಿನವರು, ಯಾವ ಧರ್ಮದವರು, ಯಾವ ಭಾಷೆಯವರು ಎಂಬುದು ನಮಗಾರಿಗೂ ತಿಳಿಯದು. ಶಸ್ತ್ರಚಿಕಿತ್ಸೆ ಸುಖವಾಗಿ ನೆರವೇರಿತು. ಆ ಮನೆಯ ಮನಸ್ತಾಪ ಒಂದೇ ದಿನದಲ್ಲಿ ಕರಗಿತೆಂದು ನಾನು ಹೇಳಲಾರೆ. ಆದರೆ ಆ ವಾರವೆಲ್ಲ ಮಗ ರಾತ್ರಿಯ ಹೊತ್ತು ವಾರ್ಡಿನ ಹೊರಗೆ ಚಾಪೆ ಹಾಸಿ ಮಲಗುತ್ತಿದ್ದ. ತಾಯಿಗೆ ಅದು ಗೊತ್ತಿತ್ತು.

ಇಂಥ ನೆನಪನ್ನು ವೈದ್ಯಲೋಕ ಮೊದಲು ಗುರುತಿಸಿದ್ದು ಅಮೆರಿಕದ ನ್ಯೂಯಾರ್ಕ್‌ನಲ್ಲಿ. ಸತ್ತ ಮಗುವನ್ನು ಹೆತ್ತ ಒಬ್ಬ ತಾಯಿಗೆ ಅದೇ ಗುಂಪಿನ ಪತಿಯ ರಕ್ತವನ್ನು ಕೊಟ್ಟಾಗ ಆಕೆಯ ಸ್ಥಿತಿ ಬಿಗಡಾಯಿಸಿತು. ಲೆವೀನ್ ಮತ್ತು ಸ್ಟೆಟ್‌ಸನ್ ಎಂಬ ವೈದ್ಯರು ಪರೀಕ್ಷಿಸಿದಾಗ, ಗುಂಪು ಹೊಂದುವ 104 ದಾನಿಗಳಲ್ಲಿ 80 ಮಂದಿಯ ಕಣಗಳು ಆಕೆಯ ರಕ್ತದ್ರವದಲ್ಲಿ ಗಂಟು ಕಟ್ಟಿದವು. ತಂದೆಯಿಂದ ಮಗುವಿಗೆ ಬಂದ ಯಾವುದೋ ಗುರುತಿನ ವಿರುದ್ಧ ತಾಯಿಯ ದೇಹ ಪ್ರತಿಕಾಯವನ್ನು ರಚಿಸಿದೆಯೆಂದು 1939ರಲ್ಲಿ ಅವರು ಬರೆದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಆರ್‌ಎಚ್ ಗುರುತನ್ನು ಪ್ರಕಟಿಸಿದರು. ಒಬ್ಬ ದುಃಖಿತ ತಾಯಿಯ ರಕ್ತ ಹೇಳಿದ್ದನ್ನು ಕಿವಿಗೊಟ್ಟು ಕೇಳಿದ್ದರಿಂದ ಮುಂದೆ ಲೆಕ್ಕವಿಲ್ಲದಷ್ಟು ಶಿಶುಗಳು ಬದುಕಿದವು.

ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಯೇಸುವಿಗೆ ಕೇಳಿದ ಪ್ರಶ್ನೆ ನಿಮಗೆ ನೆನಪಿರಬಹುದು: ಪಾಪ ಮಾಡಿದವರು ಇವನೋ, ಇವನ ತಂದೆತಾಯಿಗಳೋ? ಪ್ರಭು ಆ ಲೆಕ್ಕಾಚಾರವನ್ನೇ ಒಪ್ಪಲಿಲ್ಲ. ಕಾಯಿಲೆಯ ಮುಂದೆ ‘ಯಾರ ತಪ್ಪು?’ ಎಂಬ ಪ್ರಶ್ನೆ ನಮ್ಮ ನಾಲಿಗೆಯ ತುದಿಗೆ ಇಂದಿಗೂ ಬೇಗ ಬರುತ್ತದೆ. ‘ಕೆಟ್ಟ ರಕ್ತ’ ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳನ್ನು ನೋಯಿಸಿಲ್ಲ!

ಸ್ಥಳವಿಲ್ಲದವಳಿಗಾಗಿ ಹತ್ತು ತಿಂಗಳು

ಭದ್ರಾವತಿಯ ಆ ತಾಯಿಗೆ ಹೊಂದುವ ರಕ್ತ ದೊರಕಿತು. ಸುಲಭವಾಗಿ ದೊರಕದವರೂ ಇದ್ದಾರೆ. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ‘ಬಾಂಬೆ’ ಗುಂಪಿನವರು ಸಾಮಾನ್ಯ ಪರೀಕ್ಷೆಯಲ್ಲಿ ‘ಓ’ ಗುಂಪಿನವರಂತೆಯೇ ಕಾಣುತ್ತಾರೆ. ಆದರೆ ‘ಓ’ ರಕ್ತವೂ ಅವರಿಗೆ ಹೊಂದದು. ಎಲ್ಲರಿಗೂ ಕೊಡಬಹುದೆಂದು ನಾವು ತಿಳಿದಿರುವ ‘ಓ’ ಕಣಗಳ ಮೇಲೆಯೂ ‘ಎಚ್’ ಎಂಬ ಒಂದು ಗುರುತಿದೆ, ಅವರಲ್ಲಿ ಅದಿಲ್ಲ. ನಮ್ಮ ದೇಶದಲ್ಲಿ ಸುಮಾರು 10,000 ಮಂದಿಗೆ ಒಬ್ಬರು ಇಂಥವರೆಂಬುದು ಸಾಮಾನ್ಯ ಅಂದಾಜು. ರಕ್ತದ್ರವದ ಅನಿರೀಕ್ಷಿತ ಗಂಟೇ ಅವರನ್ನು ತೋರಿಸಿಕೊಡುವುದು.

ಇದಕ್ಕಿಂತಲೂ ವಿರಳವಾದ ಸಂಗತಿ ನಮ್ಮ ರಾಜ್ಯದಲ್ಲೇ ನಡೆಯಿತು. ಕೋಲಾರದ ಆಸ್ಪತ್ರೆಯೊಂದರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ ಒಬ್ಬ ಮಹಿಳೆಯದು ‘ಓ’ ಪಾಸಿಟಿವ್ ಗುಂಪು. ಆದರೆ ಲಭ್ಯವಿದ್ದ ‘ಓ’ ಪಾಸಿಟಿವ್ ರಕ್ತ ಯಾವುದೂ ಹೊಂದಲಿಲ್ಲ. ಮಾದರಿ ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರದ ಪ್ರಯೋಗಾಲಯಕ್ಕೆ ಬಂತು. ಪರೀಕ್ಷಿಸಿದ ಕಣಗಳೆಲ್ಲದರೊಡನೆಯೂ ಗಂಟು! ಕುಟುಂಬದ 20 ಮಂದಿಯ ರಕ್ತವನ್ನು ನೋಡಿದರು. ಒಬ್ಬರದೂ ಹೊಂದಲಿಲ್ಲ. ವೈದ್ಯರು ಬಹು ಎಚ್ಚರಿಕೆಯಿಂದ, ರಕ್ತ ಕೊಡದೆಯೇ, ಶಸ್ತ್ರಚಿಕಿತ್ಸೆ ನಡೆಸಿದರು. ರೋಗಿ ಉಳಿದರು.

ಅಲ್ಲಿಗೆ ಕಡತ ಮುಚ್ಚಬಹುದಾಗಿತ್ತು. ಆದರೆ ಮಾದರಿಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಅಂತರರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋದವು. ಸುಮಾರು ಹತ್ತು ತಿಂಗಳ ಸಂಶೋಧನೆಯ ಬಳಿಕ, ಅದುವರೆಗೆ ಯಾರೂ ಅರಿಯದ ಹೊಸ ಪ್ರತಿಜನಕವೊಂದು ಪತ್ತೆಯಾಯಿತು. ಅದು ಕ್ರೋಮರ್ ಎಂಬ ರಕ್ತಗುಂಪಿನ ವ್ಯವಸ್ಥೆಗೆ ಸೇರಿದ್ದು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ರಕ್ತಪೂರಣ ಸಂಘದ ಸಮಾವೇಶದಲ್ಲಿ ಅದನ್ನು ಪ್ರಕಟಿಸಿದರು. ಕ್ರೋಮರ್, ಇಂಡಿಯಾ, ಬೆಂಗಳೂರು ಎಂಬ ಹೆಸರುಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ‘ಕ್ರಿಬ್’ ಎಂದು ಹೆಸರಿಟ್ಟರು.

ಕ್ರಿಸ್‌ಮಸ್ ಹತ್ತಿರವಾದಾಗ ನಮ್ಮ ದೇವಾಲಯಗಳಲ್ಲಿ ಮಕ್ಕಳೂ ಯುವಕರೂ ಸೇರಿ ಕಟ್ಟುವ ಗೋದಲಿಯನ್ನು ನಾವು ‘ಕ್ರಿಬ್’ ಎಂದೂ ಕರೆಯುತ್ತೇವೆ. ಹೆಸರಿಟ್ಟ ವಿಜ್ಞಾನಿಗಳ ಮನಸ್ಸಿನಲ್ಲಿ ಅದಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಛತ್ರದಲ್ಲಿ ಸ್ಥಳವಿಲ್ಲದೆ ಹೋದ ಆ ಬೆತ್ಲೆಹೇಮಿನ ರಾತ್ರಿ ನನಗೆ ನೆನಪಾಗದೆ ಇರಲಿಲ್ಲ. ಹೊಂದುವ ರಕ್ತ ಎಲ್ಲಿಯೂ ಸಿಗದ ಒಬ್ಬ ಹೆಣ್ಣುಮಗಳಿಗಾಗಿ ಎರಡು ದೇಶಗಳ ತಜ್ಞರು ಹತ್ತು ತಿಂಗಳು ದುಡಿದರು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿಹೋದ ಕುರುಬನ ಕೆಲಸವನ್ನು ಇವರು ಮಾಡಿದ್ದಾರೆ. ‘ಒಬ್ಬರಿಗಾಗಿ ಇಷ್ಟೆಲ್ಲಾ ಏಕೆ?’ ಎಂದು ಕೇಳುವ ಲೋಕದಲ್ಲಿ ಇದೂ ಒಂದು ಪ್ರಬೋಧನೆಯೇ.

ನಮ್ಮ ಪಾಲಿನ ಕೆಲಸ

ಕೇಳಿ ಸಂತೋಷಪಟ್ಟರೆ ಸಾಲದು, ಪ್ರಿಯರೇ. ನಮ್ಮ ಕುಟುಂಬಗಳು ಮಾಡಬಹುದಾದ ಕೆಲವು ಕೆಲಸಗಳಿವೆ.

ಆಸ್ಪತ್ರೆಯಲ್ಲಿ ಪೂರ್ತಿಯಾಗಿ ಹೇಳಿರಿ. ಹಿಂದೆ ರಕ್ತ ಪಡೆದಿದ್ದರೆ, ಎಷ್ಟು ವರ್ಷಗಳಾಗಿದ್ದರೂ ತಿಳಿಸಿರಿ. ಹೆರಿಗೆಗಳನ್ನು ಮಾತ್ರವಲ್ಲ, ಗರ್ಭಪಾತವಾಗಿದ್ದರೆ ಅದನ್ನೂ ಸಂಕೋಚವಿಲ್ಲದೆ ತಿಳಿಸಿರಿ. ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿಯನ್ನು ಕೊಡಿರಿ. ಅಸ್ಥಿಮಜ್ಜೆಯ ಒಂದು ಕ್ಯಾನ್ಸರಿಗೆ ಕೊಡುವ ಹೊಸ ಔಷಧವೂ ಎಲ್ಲ ಕಣಗಳೊಡನೆ ಗಂಟು ತೋರಿಸಿ ಪ್ರಯೋಗಾಲಯವನ್ನು ದಾರಿತಪ್ಪಿಸಬಲ್ಲದು. ಪ್ರತಿಕಾಯವಿದೆಯೆಂದು ಒಮ್ಮೆ ತಿಳಿದುಬಂದರೆ ಆ ವರದಿಯನ್ನು ಜ್ಞಾನಸ್ನಾನದ ಪ್ರಮಾಣಪತ್ರದಷ್ಟೇ ಜೋಪಾನವಾಗಿಡಿರಿ. ಕಾಲಕ್ರಮದಲ್ಲಿ ಪ್ರತಿಕಾಯ ಕ್ಷೀಣಿಸಿ ಪರೀಕ್ಷೆಗೆ ಕಾಣದೆ ಹೋಗಬಹುದು. ಆದರೆ ಅದೇ ಗುರುತಿನ ರಕ್ತ ಮತ್ತೆ ಬಂದರೆ ದೇಹ ಥಟ್ಟನೆ ನೆನಪಿಸಿಕೊಳ್ಳುತ್ತದೆ. ಆಗ ನಿಮ್ಮನ್ನು ಕಾಪಾಡುವುದು ಆ ಕಾಗದವೇ.

ನಮ್ಮವರ ರಕ್ತವೇ ಬೇಕೆಂದು ಹಟ ಹಿಡಿಯದಿರಿ. ಗಂಡನ, ಮಕ್ಕಳ ರಕ್ತ ತಾಯಂದಿರಿಗೆ ಹೊಂದದಿರಲು ಕಾರಣವೇನೆಂದು ಈಗ ನಿಮಗೆ ಗೊತ್ತಾಗಿದೆ. ಹತ್ತಿರದ ರಕ್ತಸಂಬಂಧಿಗಳ ರಕ್ತದಿಂದ ಬೇರೊಂದು ಬಗೆಯ ಗಂಭೀರ ತೊಂದರೆಯೂ ಅಪರೂಪಕ್ಕೆ ಆಗುವುದರಿಂದ, ಅದನ್ನು ವಿಕಿರಣಕ್ಕೆ ಒಳಪಡಿಸಿ ಕೊಡಬೇಕಾಗುತ್ತದೆ. ದರೋಡೆಗಾರರ ಕೈಗೆ ಸಿಕ್ಕು ದಾರಿಯಲ್ಲಿ ಬಿದ್ದವನನ್ನು ಎತ್ತಿದವನು ಅವನ ಕುಲದವನಲ್ಲ, ಒಬ್ಬ ಸಮಾರಿಯದವನು. ಗಾಯಗೊಂಡವನಿಗೆ ನೆರೆಯವನಾದವನು ಅವನೇ.

ಆದುದರಿಂದ ಕರೆ ಬಂದಾಗ ಮಾತ್ರವಲ್ಲ, ಕರೆ ಬಾರದಿರುವಾಗಲೂ ರಕ್ತ ಕೊಡಿರಿ. ದಾನಿಗಳು ಹೆಚ್ಚಿದ್ದಷ್ಟೂ ವಿಶೇಷ ಗುರುತಿನ ರಕ್ತ ಬೇಕಾದವರಿಗೆ ಅದು ಸಿಗುವ ಸಂಭವ ಹೆಚ್ಚು. 18 ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವಿರುವ, ಹಿಮೋಗ್ಲೋಬಿನ್ 12.5ಕ್ಕೆ ಕಡಿಮೆಯಿಲ್ಲದ ಆರೋಗ್ಯವಂತರು ಕೊಡಬಹುದು. ಒಮ್ಮೆ ಕೊಟ್ಟ ಮೇಲೆ ಪುರುಷರು 90 ದಿನ, ಮಹಿಳೆಯರು 120 ದಿನ ಬಿಡಬೇಕು. ಹಣಕ್ಕಾಗಿ ರಕ್ತ ಮಾರುವುದನ್ನು ಸುಪ್ರೀಂ ಕೋರ್ಟಿನ ಆದೇಶದಂತೆ 1998ರ ಜನವರಿ 1ರಿಂದ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಅಂದಮೇಲೆ ಉಳಿದಿರುವ ದಾರಿ ದಾನ ಒಂದೇ. ಪಾಲಕ ಸಂತರ ಹಬ್ಬದ ನೆಪದಲ್ಲಿ ವರ್ಷಕ್ಕೊಮ್ಮೆ ಒಂದು ಶಿಬಿರವನ್ನು ಏರ್ಪಡಿಸುವುದು ಯಾವ ಧರ್ಮಕೇಂದ್ರಕ್ಕೂ ಅಸಾಧ್ಯವಲ್ಲ.

ಮತ್ತು ಕಿಟಕಿಯ ಮುಂದೆ ನಿಂತಾಗ ತಾಳ್ಮೆಯಿರಲಿ. ತಾಳಿದವನು ಬಾಳಿಯಾನು ಎಂಬ ಗಾದೆ ಅಲ್ಲಿ ಅಕ್ಷರಶಃ ನಿಜ. ತುರ್ತಿನ ಹೊತ್ತಿನಲ್ಲಿ ಎಷ್ಟು ಕಾಯಬಹುದು, ಯಾವುದಕ್ಕೆ ಕಾಯಲಾಗದು ಎಂಬುದನ್ನು ವೈದ್ಯರೂ ರಕ್ತನಿಧಿಯವರೂ ಕೂಡಿ ನಿರ್ಧರಿಸಲಿ. ಒಳಗೆ ಪ್ರಭಾವ ಬೀರಿಸಿ ಅವಸರಪಡಿಸುವುದು ರೋಗಿಗೆ ಉಪಕಾರವಲ್ಲ.

ಪ್ರತಿದಿನ ಬಲಿಪೀಠದ ಮುಂದೆ ನಿಂತು ಪಾತ್ರೆಯನ್ನು ಎತ್ತುವಾಗ ನನಗೆ ಈ ವಿಚಾರ ಬರುವುದುಂಟು. ಮನುಷ್ಯನ ರಕ್ತಕ್ಕೆ ಗುರುತುಗಳಿವೆ, ಮಿತಿಗಳಿವೆ, ಹೊಂದಾಣಿಕೆಯ ಪರೀಕ್ಷೆಯಿದೆ. ಪ್ರಭುವಿನ ರಕ್ತ ಮಾತ್ರ ಯಾರನ್ನೂ ಹೊರಗಿಡದೆ ಎಲ್ಲರಿಗಾಗಿ ಹರಿಯಿತು. ಅದನ್ನು ಸ್ವೀಕರಿಸುವ ನಾವು ಒಬ್ಬರೊಡನೊಬ್ಬರು ಗಂಟು ಕಟ್ಟಿಕೊಂಡಾಗ, ಆ ಗಂಟನ್ನು ಬಿಡಿಸಲು ಪ್ರಯೋಗಾಲಯದವರು ತೋರುವಷ್ಟಾದರೂ ತಾಳ್ಮೆಯನ್ನು ತೋರೋಣ.

ಇಂದು ರಾತ್ರಿ ಮನೆಯಲ್ಲಿ ಜಪಸರ ಹೇಳಿ ಮುಗಿಸಿದ ಮೇಲೆ, ಆ ಹೊತ್ತಿನಲ್ಲಿಯೂ ಯಾವುದೋ ಆಸ್ಪತ್ರೆಯ ದೀಪದ ಕೆಳಗೆ ಒಂದು ಪುಟ್ಟ ಕೊಳವೆಯನ್ನು ಮೆಲ್ಲಗೆ ಅಲುಗಿಸಿ ನೋಡುತ್ತಿರುವವರನ್ನು, ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವವರನ್ನು, ಹೆಸರು ತಿಳಿಯದ ದಾನಿಗಳನ್ನು ಒಂದು ಸಲ ನೆನೆಯಿರಿ. ಪ್ರಭು ಅವರನ್ನೂ ನಿಮ್ಮನ್ನೂ ಆಶೀರ್ವದಿಸಲಿ.